ತೆರಪು ಎಲ್ಲಿ ಕತ್ತರಿಸಬೇಕು?

ಗಾರ್ಮೆಂಟ್ಸ್ ಗೇಟಿನಲ್ಲಿ ಸಂಜೆ ಕೆಲಸ ಬಿಟ್ಟು ಹೊರಡುವ ಹೆಂಗಸರ ಮೈಯನ್ನು ತಪಾಸಣೆಗೆಂದು ತಡವಿ ನೋಡುವುದನ್ನು ಫ್ಯಾಷನ್ ಶೋ ಮಾದರಿಯ ವಿಡಿಯೊ ಮಾಡಬೇಕೆಂದಿದ್ದೀರಿ. ಚೆಂದದ ಬಟ್ಟೆ ತೊಡಿಸಿದರೆ ಅವರ ನೋವನ್ನು ಅಣಕಿಸಿದಂತಾಗದೇ ಎಂದೂ ಕೇಳಿದ್ದೀರಿ. ಬಟ್ಟೆ ಆ ತಪಾಸಣೆಯಿಂದಲೇ ಹುಟ್ಟದಿದ್ದರೆ ಖಂಡಿತ ಆಗುತ್ತದೆ.

ನಜರೆತ್‌ನಲ್ಲಿ ಹುಟ್ಟಿದ ಪ್ಯಾಲೆಸ್ಟೀನಿ ಕಲಾವಿದ ಶರೀಫ್ ವಾಕದ್ 2003ರಲ್ಲಿ ಮಾಡಿದ ‘ಶಿಕ್ ಪಾಯಿಂಟ್’ ಎಂಬ ವಿಡಿಯೊ ನೋಡಿ. ಇಸ್ರೇಲಿ ಚೆಕ್‌ಪಾಯಿಂಟ್‌ಗಳಿಗೆ ತಕ್ಕ ಫ್ಯಾಷನ್ ಎಂದೇ ಅದರ ಉಪಶೀರ್ಷಿಕೆ. ಅಬ್ಬರದ ತಾಳಕ್ಕೆ ಗಂಡು ಮಾಡೆಲ್‌ಗಳು ನಡೆದು ಬರುತ್ತಾರೆ. ಅವರ ಅಂಗಿಗಳ ಜಿಪ್ಪು, ಬಲೆ, ಗುಂಡಿ ಎಲ್ಲವೂ ಹೊಟ್ಟೆ, ಸೊಂಟ, ಬೆನ್ನು ಕಾಣಿಸಲೆಂದೇ ಇವೆ. ಆ ಚೆಕ್‌ಪಾಯಿಂಟ್‌ಗಳಲ್ಲಿ ಪ್ಯಾಲೆಸ್ಟೀನಿಯರು ಸೈನಿಕರೆದುರು ಅಂಗಿ ಎತ್ತಿ ತೋರಿಸಬೇಕಾದ ಭಾಗಗಳೇ ಅವು. ಆಮೇಲೆ ಸದ್ದಡಗಿ, 2000–2003ರ ನಡುವಿನ ನಿಜ ತಪಾಸಣೆಯ ಸ್ಥಿರಚಿತ್ರಗಳು ಬರುತ್ತವೆ. ಅಲ್ಲಿಯವರೆಗೆ ಬಟ್ಟೆ ನೋಡಿ ಸುಖಿಸಿದ ಕಣ್ಣೇ ಸಿಕ್ಕಿಬೀಳುತ್ತದೆ. ಮೊದಲ ಭಾಗ ನಿಜಕ್ಕೂ ಸೊಗಸಾಗಿರುವುದರಿಂದಲೇ ಇದು ಸಾಧ್ಯ. ಅರೆಮನಸ್ಸಿನ ಹೊಲಿಗೆ ಇಲ್ಲಿ ನಡೆಯದು.

ಆದರೆ ವಾಕದ್ ಮಾಡಿದಂತೆ ನೀವು ಮೈ ತೋರಿಸಬೇಡಿ. ನಿಮ್ಮ ವಸ್ತುವಿನಲ್ಲಿ ಅದು ಎರಡನೇ ತಪಾಸಣೆ. ಕೈ ಎಲ್ಲೆಲ್ಲಿ ಆಡುತ್ತದೆಂದು ಆ ಹೆಂಗಸರನ್ನೇ ಕೇಳಿ, ಟಾಪ್ ಮೇಲೆ ಚಾಕ್‌ನಿಂದ ಗುರುತು ಹಾಕಿ, ಅಲ್ಲಿ ಅಂಗೈಯಗಲದ ತೆರಪು ಕತ್ತರಿಸಿ ಒಳಗೆ ಗಾಢ ಬಣ್ಣದ ಬಟ್ಟೆ ಕೂರಿಸಿ. ಹೊಸೈರಿ ಬಟ್ಟೆ ಬೇಡ, ಕತ್ತರಿಸಿದ ಅಂಚು ಸುರುಳಿಯಾಗುತ್ತದೆ. ಒತ್ತು ನೇಯ್ಗೆಯ ಕಾಟನ್ ತಗೊಳ್ಳಿ. ಮೊದಲು ಒಳಬದಿಗೆ ಅಂಟಿಸುವ ಕ್ಯಾನ್ವಾಸ್ ಇಸ್ತ್ರಿ ಮಾಡಿ, ಆಮೇಲೆ ಕತ್ತರಿ. ಈ ಕ್ರಮ ತಪ್ಪಿದರೆ ನಡೆಯುವಾಗ ತೆರಪು ಜೋಲುತ್ತದೆ.

ಕ್ಯಾಮೆರಾ ಟ್ರೈಪಾಡ್ ಮೇಲೆ, ಸೊಂಟದೆತ್ತರದಲ್ಲಿ, ಅಲುಗದೆ ಇರಲಿ. ಟ್ಯೂಬ್‌ಲೈಟ್ ಬೆಳಕಾದರೆ ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಡಿ. ಇಲ್ಲದಿದ್ದರೆ ಚಿತ್ರದಲ್ಲಿ ಪಟ್ಟೆಗಳು ಓಡುತ್ತವೆ. ಫೋನಿನಲ್ಲಾದರೆ ಎಕ್ಸ್‌ಪೋಷರ್ ಲಾಕ್ ಮಾಡಿ. ಮಾಡೆಲ್ ಹತ್ತಿರ ಬಂದಂತೆಲ್ಲ ಬೆಳಕು ಏರಿಳಿದರೆ ಬಟ್ಟೆಯ ಬಣ್ಣ ಕೆಡುತ್ತದೆ. ಹಿನ್ನೆಲೆಯ ಕಪ್ಪು ಬಟ್ಟೆಯಿಂದ ಮಾಡೆಲ್ ಎರಡು ಮೀಟರ್ ಮುಂದಿರಲಿ, ನೆರಳು ಬೀಳದು.

ಸಂಗೀತವನ್ನು ನಿಧಾನ ತಗ್ಗಿಸದೆ ಒಮ್ಮೆಲೇ ಕತ್ತರಿಸಿ. ಕರುಣಾರಸದ ಕೊಳಲು, ಹಿನ್ನೆಲೆ ಧ್ವನಿಯ ವಿವರಣೆ ಎರಡೂ ಬೇಡ. ನೋಡುಗ ತಾನೇ ಮಾಡಬೇಕಾದ ಕೆಲಸವನ್ನು ಅವು ಕಿತ್ತುಕೊಳ್ಳುತ್ತವೆ. ಆಮೇಲೆ ಬರುವ ಗೇಟಿನ ಫೋಟೊಗಳಲ್ಲಿ ಮುಖ ಕಂಡರೆ ಆ ಹೆಂಗಸರ ಕೆಲಸ ಹೋದೀತು. ಮುಖವಿಲ್ಲದ ಚಿತ್ರ ಇಲ್ಲವಾದರೆ ಖಾಲಿ ಗೇಟು ಸಾಕು, ಒಂದೊಂದು ಚಿತ್ರ ಆರೆಂಟು ಸೆಕೆಂಡ್, ಜೂಮ್ ಇಲ್ಲದೆ. ಕಚ್ಚಾ ಪ್ರತಿಯನ್ನು ಮೊದಲು ಆ ಹೆಂಗಸರಿಗೇ ತೋರಿಸಿ. ತೆರಪು ತಪ್ಪು ಜಾಗದಲ್ಲಿದೆ ಎಂದರೆ ಬಿಚ್ಚಿ, ಮತ್ತೆ ಹೊಲಿದು, ಮತ್ತೆ ಚಿತ್ರೀಕರಿಸಿ.

— ಸಂ.