ಎರಡನೇ ಇನ್‌ಕ್ಲೂಡ್ ಮೊದಲನೆಯದನ್ನು ನುಂಗಿತು!

ಪ್ರಶ್ನೆ: ನಮ್ಮೂರ ಜಾತ್ರೆಯ ಫೋಟೋಗಳಿಗೆ ಒಂದು ವೆಬ್ ಪುಟ ಮಾಡುತ್ತಿದ್ದೇನೆ. ಪುಟದ ಅಂದಚಂದ ಹೇಳುವ ಸಿಎಸ್‌ಎಸ್ ಅನ್ನು ಸುಲಭವಾಗಿ ಬರೆಯಲು ಇರುವ ಸ್ಯಾಸ್‌ನಲ್ಲಿ 'ವಾಲು', 'ಹಿಗ್ಗು' ಅಂತ ಎರಡು ಮಿಕ್ಸಿನ್ (ಹೆಸರಿಟ್ಟು ಬೇಕಾದಲ್ಲಿ ಮತ್ತೆ ಬಳಸುವ ಸಾಲುಗಳ ಕಟ್ಟು) ಬರೆದುಕೊಂಡೆ. ಫೋಟೋ 4 ಡಿಗ್ರಿ ವಾಲಬೇಕು, 1.1 ಪಟ್ಟು ದೊಡ್ಡದೂ ಆಗಬೇಕು. ಎರಡನ್ನೂ ಒಂದರ ಕೆಳಗೊಂದು ಇನ್‌ಕ್ಲೂಡ್ ಮಾಡಿದರೆ (ಹೆಸರಿನಿಂದ ಕರೆದು ಸೇರಿಸಿದರೆ) ದೊಡ್ಡದೇನೋ ಆಗುತ್ತದೆ, ವಾಲುವುದೇ ಇಲ್ಲ. ಎರರ್ ಕೂಡ ಬರುವುದಿಲ್ಲ. ಸ್ಯಾಸ್‌ನದೇ ತಪ್ಪಾ?
– ಓದುಗರು, ಶಿರಸಿ

ಉತ್ತರ: ಪಾಪ, ಸ್ಯಾಸ್ ನೀವು ಹೇಳಿದ್ದನ್ನೇ ಮಾಡಿದೆ. ಕಂಪೈಲ್ ಆದ, ಅಂದರೆ ಸ್ಯಾಸ್‌ನಿಂದ ಬದಲಾಗಿ ಬಂದ ಸಿಎಸ್‌ಎಸ್ ಫೈಲ್ ತೆರೆದು ನೋಡಿ, ಈ ಎರಡು ಸಾಲು ಸಿಗುತ್ತವೆ:

ಟ್ರಾನ್ಸ್‌ಫಾರ್ಮ್: ರೊಟೇಟ್(4 ಡಿಗ್ರಿ);
ಟ್ರಾನ್ಸ್‌ಫಾರ್ಮ್: ಸ್ಕೇಲ್(1.1);

ಎರಡೂ ಒಂದೇ ಪ್ರಾಪರ್ಟಿ, ಅಲ್ವಾ? ಬಣ್ಣ ಕೆಂಪು ಅಂತ ಬರೆದು ಕೆಳಗೆ ಬಣ್ಣ ನೀಲಿ ಅಂದರೆ ನೀಲಿಯೇ ಉಳಿಯುತ್ತದೆ. ಇಲ್ಲೂ ಅದೇ ಕಥೆ. ಬ್ರೌಸರ್‌ಗೆ ಇದು ತಪ್ಪೇ ಅಲ್ಲ, ಹಾಗಾಗಿ ಎರರ್ ಕೊಡದೆ ಸುಮ್ನೆ ಇರುತ್ತದೆ. ಎರಡೂ ಬೇಕಿದ್ದರೆ ಒಂದೇ ಸಾಲಿನಲ್ಲಿ, ನಡುವೆ ಬರೀ ಒಂದು ಸ್ಪೇಸ್ ಬಿಟ್ಟು ಬರೆಯಬೇಕು.

ಅಂದರೆ ನಿಮಗೆ ಎರಡು ಮಿಕ್ಸಿನ್ ಬೇಡ, ಒಂದೇ ಸಾಕು. ಅದಕ್ಕೆ ಒಂದೇ ಒಂದು ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಬೆಲೆ) ಇಡಿ, ಕರೆಯುವಾಗ 'ರೊಟೇಟ್(4 ಡಿಗ್ರಿ) ಸ್ಕೇಲ್(1.1)' ಅಂತ ಇಡೀ ಗೊಂಚಲನ್ನೇ ಕೊಡಿ. ಕಾಮಾ ಹಾಕಬೇಡಿ. ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ಬರಲಿ ಅಂತ ಕೆಲವರು ಹೆಸರಿನ ಕೊನೆಗೆ ಮೂರು ಚುಕ್ಕಿ ಇಡುತ್ತಾರೆ. ಆಗ ಸ್ಯಾಸ್ ಅದನ್ನು ಕಾಮಾ ಹಾಕಿದ ಪಟ್ಟಿಯಾಗಿ ಹೊರಗೆ ಬಿಡುತ್ತದೆ, ಬ್ರೌಸರ್ ಇಡೀ ಸಾಲನ್ನೇ ಬಿಸಾಕುತ್ತದೆ. ನಾನೂ ಒಂದು ಸಂಜೆಯೆಲ್ಲ ಈ ಕಾಮಾ ಹುಡುಕಿದವನೇ. ಸ್ಯಾಸ್‌ನಂಥದೇ ಇನ್ನೊಂದು ಭಾಷೆಯಾದ ಲೆಸ್ ಬಳಸುವವರಿಗೆ ಇಷ್ಟು ಗೋಳಿಲ್ಲ. ಪ್ರಾಪರ್ಟಿ ಹೆಸರಿನ ಪಕ್ಕ ಪ್ಲಸ್ ಮತ್ತು ಅಂಡರ್‌ಸ್ಕೋರ್ ಹಾಕಿದರೆ ಬೇರೆಬೇರೆ ಮಿಕ್ಸಿನ್‌ನಿಂದ ಬಂದ ಬೆಲೆಗಳನ್ನು ಅದೇ ಸ್ಪೇಸ್ ಬಿಟ್ಟು ಜೋಡಿಸುತ್ತದೆ, 1.7ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ.

ಇನ್ನು ಗೊಂಚಲಿನಲ್ಲಿ ಯಾವುದು ಮೊದಲು ಅನ್ನುವುದು. ನಿಮ್ಮ ಫೋಟೋಗೆ ಇದರಿಂದ ವ್ಯತ್ಯಾಸ ಬರಲ್ಲ, ಎಲ್ಲ ಕಡೆ ಒಂದೇ ಸಮ ಹಿಗ್ಗಿಸುವಾಗ ಮೊದಲು ವಾಲಿಸಿದರೂ ಒಂದೇ, ಆಮೇಲೆ ವಾಲಿಸಿದರೂ ಒಂದೇ. ಆದರೆ ಜಾಗ ಬದಲಿಸುವ ಟ್ರಾನ್ಸ್‌ಲೇಟ್ ನಡುವೆ ಬಂತೋ, ಆಟವೇ ಬೇರೆ. ಬಾಗಿಲಲ್ಲಿ ನಿಂತು ಹತ್ತು ಹೆಜ್ಜೆ ನಡೆದು ಬಲಕ್ಕೆ ತಿರುಗಿ. ಮತ್ತೆ ಬಾಗಿಲಿಗೇ ಬಂದು, ಮೊದಲು ಬಲಕ್ಕೆ ತಿರುಗಿ, ಆಮೇಲೆ ಹತ್ತು ಹೆಜ್ಜೆ ನಡೆಯಿರಿ. ನಿಂತ ಜಾಗ ಒಂದೇನಾ? 'ಟ್ರಾನ್ಸ್‌ಲೇಟ್(100 ಪಿಕ್ಸೆಲ್) ರೊಟೇಟ್(90 ಡಿಗ್ರಿ)' ಅಂದರೆ ಡಬ್ಬಿ ಬಲಕ್ಕೆ ಹೋಗಿ ಅಲ್ಲೇ ತಿರುಗುತ್ತದೆ. ಅದನ್ನೇ ಹಿಂದುಮುಂದು ಬರೆದರೆ ಅಕ್ಷವೂ ತಿರುಗಿರುವುದರಿಂದ ಡಬ್ಬಿ 100 ಪಿಕ್ಸೆಲ್ ಕೆಳಗೆ ಹೋಗಿ ಕೂರುತ್ತದೆ.

ಪ್ರಶ್ನೆ: ಒಂದೇ ಮಿಕ್ಸಿನ್ ಮಾಡಿಕೊಂಡೆ, ವಾಲಿತು. ಈಗ ಮೌಸ್ ಮೇಲೆ ಬಂದಾಗ ಮಾತ್ರ ದೊಡ್ಡದಾಗಲಿ ಅಂತ ಹೋವರ್‌ನಲ್ಲಿ ಸ್ಕೇಲ್ ಹಾಕಿದೆ. ಮೌಸ್ ಇಟ್ಟ ತಕ್ಷಣ ಫೋಟೋ ನೆಟ್ಟಗಾಗಿಬಿಡುತ್ತದೆ!
– ಅದೇ ಓದುಗರು

ಉತ್ತರ: ಮತ್ತೆ ಅದೇ ನುಂಗಾಟ, ಈ ಸಲ ಹೋವರ್ ನಿಯಮದಿಂದ. ಮಿಕ್ಸಿನ್‌ನ ಕೆಲಸ ಕಂಪೈಲ್ ಆದಾಗಲೇ ಮುಗಿದಿರುತ್ತದೆ, ಮೌಸ್ ಬಂದಿದ್ದು ಅದಕ್ಕೆ ಗೊತ್ತೇ ಆಗಲ್ಲ. ಹೋವರ್‌ನಲ್ಲೂ ರೊಟೇಟ್ ಸೇರಿಸಿ ಇಡೀ ಗೊಂಚಲು ಬರೆದರೆ ಕೆಲಸ ಆಗುತ್ತದೆ, ಆದರೆ ನಾನಾಗಿದ್ದರೆ ಇಲ್ಲಿ ಮಿಕ್ಸಿನ್ನನ್ನೇ ಬಿಟ್ಟುಬಿಡುತ್ತಿದ್ದೆ. ರೊಟೇಟ್, ಸ್ಕೇಲ್, ಟ್ರಾನ್ಸ್‌ಲೇಟ್ ಈಗ ಸಿಎಸ್‌ಎಸ್‌ನಲ್ಲೇ ಬೇರೆಬೇರೆ ಪ್ರಾಪರ್ಟಿಗಳು. ಫೈರ್‌ಫಾಕ್ಸ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ, ಕ್ರೋಮ್‌ಗೆ 2022ರಲ್ಲಿ ಬಂದವು. ಫೋಟೋಗೆ 'ರೊಟೇಟ್: 4 ಡಿಗ್ರಿ', ಹೋವರ್‌ಗೆ 'ಸ್ಕೇಲ್: 1.1', ಅಷ್ಟೇ. ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಹಳೇ ಟ್ರಾನ್ಸ್‌ಫಾರ್ಮ್ ಸಾಲನ್ನು ಮಾತ್ರ ಮರೆಯದೆ ಅಳಿಸಿ. ಅದು ಉಳಿದರೆ ಎರಡೂ ಕೂಡಿಕೊಂಡು ಫೋಟೋ 8 ಡಿಗ್ರಿ ವಾಲುತ್ತದೆ, ನೀವು ಮತ್ತೆ ಪತ್ರ ಬರೆಯುತ್ತೀರಿ.