ಸಂಪಾದಕರ ಉತ್ತರ: ಅವ್ವ ಕರೆದ ಹೆಸರೇ ಇರಲಿ

ಬೀದರ್ ಜಿಲ್ಲೆಯ ಭಾಲ್ಕಿ ಕಡೆಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರದು ಕುಲುಮೆ ಕೆಲಸದ ಮನೆತನ. ತಂದೆ ಕುರ್ಪಿ, ಕುಡುಗೋಲು, ಕೊಡಲಿ ಮಾಡುತ್ತಿದ್ದರು. ಈಗ ಮಗ ಲಾರಿಯ ಹಳೆ ಕಮಾನ್ ಪಟ್ಟಿ ಕಾಯಿಸಿ, ಬಡಿದು, ಅಡುಗೆಮನೆಗೆ ಅಂತ ಹೊಸ ನಮೂನೆಯ ಚಾಕು ಮಾಡಿದ್ದಾರೆ. ಅಲಗು 5 ಇಂಚು ಉದ್ದ, ಒಂದೂಮುಕ್ಕಾಲು ಇಂಚು ಅಗಲ. ಜಾಲಿ ಕಟ್ಟಿಗೆಯ ಹಿಡಿ, ಎರಡು ಹಿತ್ತಾಳೆ ಮೊಳೆ. ಇದಕ್ಕೆ ಹೆಸರೇನಿಡಲಿ ಅಂತ ಅವರ ಪ್ರಶ್ನೆ. ‘ಬಿದ್ರಿ ಚಾಕು’, ‘ಬಹಮನಿ ಖಂಜರ್’, ‘ಡೆಕ್ಕನ್ ದಮಾಸ್ಕಸ್’ ಮತ್ತು ಒಂದು ಇಂಗ್ಲಿಷ್ ಹೆಸರು, ಹೀಗೆ ನಾಲ್ಕು ಬರೆದು, ಒಂದಕ್ಕೆ ಟಿಕ್ ಹಾಕಿ ಕಳಿಸಿ ಅಂದಿದ್ದಾರೆ.

ಪ್ರೀತಿಯ ಗೆಳೆಯರೇ,

ನಾಲ್ಕರಲ್ಲಿ ಯಾವುದಕ್ಕೂ ಟಿಕ್ ಹಾಕಲು ನನಗೆ ಮನಸ್ಸು ಬರಲಿಲ್ಲ. ಆದರೆ ನಿಮ್ಮ ಮೂರನೇ ಪುಟದಲ್ಲಿ ಐದನೇ ಹೆಸರೊಂದು ಇದೆ. ನೀವು ಅದನ್ನು ದೂರಿನ ಹಾಗೆ ಬರೆದಿದ್ದೀರಿ: ‘ಅವ್ವ ಮಾತ್ರ ಇದಕ್ಕೆ ಚಾಕು ಅನ್ನಲ್ಲ. ಆ ಗಿಡ್ಡಿ ಎಲ್ಲಿಟ್ಟಿಯೋ ಅಂತ ದಿನಾ ಕೇಳ್ತಾಳೆ.’ ನನ್ನ ಕೇಳಿದರೆ ಅದೇ ಇರಲಿ. ಗಿಡ್ಡಿ.

ನಿಮ್ಮ ನಾಲ್ಕು ಹೆಸರು ಯಾಕೆ ಬೇಡ ಅನ್ನುವುದನ್ನೂ ಹೇಳಲೇಬೇಕು. ನೀವು ತಿಂಗಳುಗಟ್ಟಲೆ ಯೋಚಿಸಿ ಬರೆದಿದ್ದೀರಿ.

‘ಬಿದ್ರಿ ಚಾಕು’ ಕಿವಿಗೆ ಚೆಂದ. ಆದರೆ ಬಿದ್ರಿ ಅಂದರೆ ಬೀದರಿನಲ್ಲಿ ಆದದ್ದು ಅಂತ ಅಷ್ಟೇ ಅಲ್ಲ. ಅದು ಒಂದು ಕೆಲಸದ ಹೆಸರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಕೂಡಿಸಿ, ಕೋಟೆಯ ಹಳೆ ಮಣ್ಣಿಗೆ ನವಸಾಗರ ಸೇರಿಸಿ ಕಪ್ಪು ಮಾಡುತ್ತಾರೆ. ಆ ಮಣ್ಣಲ್ಲಿ ಬೆಳ್ಳಿ ಹಾಗೇ ಹೊಳೆಯುತ್ತದೆ, ಉಳಿದ ಲೋಹ ಮಾತ್ರ ಕಪ್ಪಾಗುತ್ತದೆ. ಇದಕ್ಕೆ 2006ರಲ್ಲಿ ಭೌಗೋಳಿಕ ಗುರುತು (ಜಿಐ), ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದೆ. ನಿಮ್ಮ ಚಾಕು ಉಕ್ಕಿನದು. ಅದರಲ್ಲಿ ಸತುವೂ ಇಲ್ಲ, ಬೆಳ್ಳಿಯೂ ಇಲ್ಲ. ಬಿದ್ರಿ ಅಂತ ಕರೆದರೆ ಕಾನೂನಿನ ತಕರಾರು ಒಂದು ಕಡೆ. ನಿಮ್ಮ ಹಾಗೇ ಕೈ ಸುಟ್ಟುಕೊಂಡು ದುಡಿಯುವ ಬಿದ್ರಿ ಕುಶಲಕರ್ಮಿಗಳ ಅನ್ನಕ್ಕೆ ಕೈ ಹಾಕಿದ ಹಾಗೆ ಆಗುತ್ತದೆ, ಅದು ಇನ್ನೊಂದು ಕಡೆ. ಮುಂದೆ ಅವರ ಹತ್ತಿರವೇ ಹಿಡಿಗೆ ಬಿದ್ರಿ ಕೆಲಸ ಮಾಡಿಸಿದಿರಿ ಅನ್ನಿ, ಆಗ ‘ಹಿಡಿಯಲ್ಲಿ ಬಿದ್ರಿ ಕೆಲಸ ಇದೆ’ ಅಂತ ಧೈರ್ಯವಾಗಿ ಬರೆಯಿರಿ.

ಊರ ಹೆಸರಿನ ಗೋಳು ಎಂಥದ್ದು ಅಂತ ತಿಳಿಯಬೇಕಾದರೆ ಫ್ರಾನ್ಸಿನ ಲಾಯೋಲ್ ಅನ್ನುವ ಸಣ್ಣ ಊರಿನ ಕಥೆ ಕೇಳಿ. ಅಲ್ಲಿಯ ಮಡಚುವ ಚಾಕು ಲೋಕಕ್ಕೆಲ್ಲ ಗೊತ್ತು. ಊರಿನವರು ಹೆಸರನ್ನು ಕಾಪಾಡಿಕೊಳ್ಳಲಿಲ್ಲ. 1993ರಲ್ಲಿ ಹೊರಗಿನವರೊಬ್ಬರು ಅದನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಊರಿನವರು ವರ್ಷಗಟ್ಟಲೆ ಕೋರ್ಟು ಅಲೆದರು. 2012ರಲ್ಲಿ ಕೇಸು ಸೋತಾಗ, ಊರ ಹೆಸರಿನ ಬೋರ್ಡನ್ನೇ ಕಿತ್ತು ಕೆಳಗಿಳಿಸಿ ಪ್ರತಿಭಟಿಸಿದರು. ಊರ ಹೆಸರು ಎಲ್ಲರದ್ದು. ಒಬ್ಬರು ಅದನ್ನು ಚಾಕುವಿನ ಮೇಲೆ ಹೊಡೆದು ನನ್ನದು ಅಂದಾಗ ಉಳಿದವರಿಗೆ ಹೀಗೆ ನೋವಾಗುತ್ತದೆ.

‘ಬಹಮನಿ ಖಂಜರ್’ ಬೇಡವೇ ಬೇಡ. ಬಹಮನಿ ಅರಸ ಅಹಮದ್ ಶಾ 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ನಿಮ್ಮ ಬೀದರಿಗೆ ತಂದದ್ದು ನಿಜ, ಅದರ ಹೆಮ್ಮೆ ನಿಮಗೆ ಇರಬೇಕಾದದ್ದೇ. ಆದರೆ ಖಂಜರ್ ಅಂದರೆ ಇರಿಯುವ ಆಯುಧ. ನೀವು ಮಾಡಿದ್ದು ಪಲ್ಲೆ ಹೆಚ್ಚುವ ಚಾಕು. ಆಯುಧಗಳ ನಿಯಮದಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಇದ್ದರೆ ಅದು ಆಯುಧ ಅಂತ ಒಂದು ಅಳತೆ ಇದೆ. ಮನೆಗೆಲಸ, ಹೊಲಗೆಲಸಕ್ಕೆ ಮಾಡಿದ್ದಕ್ಕೆ ಅದು ಅನ್ವಯಿಸುವುದಿಲ್ಲ. ನಿಮ್ಮದು ಅಳತೆಯಲ್ಲೂ ಚಿಕ್ಕದು, ಮನೆಗೆಲಸದ್ದೂ ಹೌದು. ಇಷ್ಟು ಸ್ವಚ್ಛವಾಗಿರುವ ವಸ್ತುವಿಗೆ ನೀವೇ ಆಯುಧದ ಹೆಸರು ಅಂಟಿಸಬೇಕಾ? ರಾಂಪುರಿ ಚಾಕುವನ್ನೇ ನೋಡಿ. ಉತ್ತರ ಪ್ರದೇಶದ ರಾಂಪುರದ ಕುಶಲಕರ್ಮಿಗಳ ಒಳ್ಳೆಯ ಕೈಕೆಲಸ ಅದು. ಹಿಂದಿ ಸಿನಿಮಾದ ಗೂಂಡಾಗಳ ಕೈ ಸೇರಿದ್ದೇ ತಡ, ಆ ಹೆಸರು ಕೇಳಿದರೆ ಜನ ಹೆದರುವ ಹಾಗಾಯಿತು.

‘ಡೆಕ್ಕನ್ ದಮಾಸ್ಕಸ್’ ಓದಿದಾಗ ನನಗೆ ನಿಜವಾಗಿ ಬೇಜಾರಾಯಿತು. ದಮಾಸ್ಕಸ್ ಕತ್ತಿ ಅಂತ ಹೆಸರಾದ ಅಲಗುಗಳಿಗೆ ಗಟ್ಟಿ ಉಕ್ಕು ಹೋಗುತ್ತಿದ್ದದ್ದು ನಮ್ಮ ದಕ್ಷಿಣದಿಂದ. ನಿಜಾಮಾಬಾದ್ ಕಡೆಯ ಕೋನಸಮುದ್ರಂ ಊರಿಗೆ ಪರ್ಷಿಯಾದ ವ್ಯಾಪಾರಿಗಳು ಬಂದು ಉಕ್ಕಿನ ಉಂಡೆ ಕೊಳ್ಳುತ್ತಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ ‘ವೂಟ್ಸ್’ ಅನ್ನುತ್ತಾರೆ. ನಮ್ಮ ‘ಉಕ್ಕು’ ಅನ್ನುವ ಮಾತೇ ಇಂಗ್ಲಿಷರ ಬಾಯಲ್ಲಿ ಹಾಗಾಯಿತು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಉಕ್ಕು ನಮ್ಮದು, ಕುಲುಮೆ ನಮ್ಮದು, ಹೆಸರು ಮಾತ್ರ ದೂರದ ಸಿರಿಯಾದ ದಮಾಸ್ಕಸ್ ಪೇಟೆಯದ್ದು. ಒಂದು ಸಲ ಹೀಗೆ ಆಗಿಹೋಗಿದೆ. ಈಗ ನಾವೇ ಆ ಪೇಟೆಯ ಹೆಸರನ್ನು ಸಾಲ ತಂದು ಭಾಲ್ಕಿಯ ಚಾಕುವಿಗೆ ಇಡುವುದು ಬೇಡ. ಮೇಲಾಗಿ ಈಗ ದಮಾಸ್ಕಸ್ ಅಂತ ಮಾರುವುದು ಎರಡು ಬಗೆಯ ಉಕ್ಕು ಪದರ ಪದರವಾಗಿ ಬೆಸೆದು ಅಲೆಅಲೆಯಾಗಿ ಕಾಣುವ ಅಲಗನ್ನು. ನಿಮ್ಮದು ಒಂದೇ ಪಟ್ಟಿಯದು. ಕೊಂಡವರು ಅಲೆ ಎಲ್ಲಿ ಅಂತ ಕೇಳಿದರೆ ಏನು ಹೇಳುತ್ತೀರಿ?

ಇಂಗ್ಲಿಷ್ ಹೆಸರು ಬಿಡಿ. ಅದರಲ್ಲಿ ನಿಮ್ಮ ಊರೂ ಇಲ್ಲ, ನಿಮ್ಮ ಕೈಯೂ ಇಲ್ಲ.

ಈಗ ಗಿಡ್ಡಿಯ ಮಾತು. ನೀವು ಕಳಿಸಿದ ಫೋಟೋವನ್ನು ನಾನು ಬಹಳ ಹೊತ್ತು ನೋಡಿದೆ. ಮಣೆಯ ಮೇಲೆ ಅರ್ಧ ಹೆಚ್ಚಿದ ಪುಂಡಿ ಪಲ್ಲೆ. ಪಕ್ಕದಲ್ಲಿ ಜಜ್ಜಿದ ಬೆಳ್ಳುಳ್ಳಿ. ಅಲಗಿನ ಮೈಗೆ ಒಂದು ಬೆಳ್ಳುಳ್ಳಿ ಸಿಪ್ಪೆ ಅಂಟಿಕೊಂಡಿದೆ. ಹಿಡಿಯ ಮೇಲೆ ನಿಮ್ಮ ಅವ್ವನ ಕೈ, ಹೆಬ್ಬೆರಳು ಅಲಗಿನ ಬೆನ್ನ ಮೇಲೆ. ಹೆಚ್ಚಿದ್ದನ್ನು ಅದೇ ಅಲಗಿನ ಮೇಲೆ ಎತ್ತಿ ಗಡಿಗೆಗೆ ಹಾಕುತ್ತಾಳೆ ಅಂತ ಬರೆದಿದ್ದೀರಿ. ಉದ್ದ ಕಡಿಮೆ, ಅಗಲ ಜಾಸ್ತಿ ಇರುವುದರಿಂದಲೇ ಇಷ್ಟೆಲ್ಲ ಆಗುತ್ತದೆ. ಆ ಗುಣವನ್ನು ನಿಮ್ಮ ಅವ್ವ ಮೊದಲ ವಾರದಲ್ಲೇ ಕಂಡುಕೊಂಡು ಹೆಸರು ಇಟ್ಟಿದ್ದಾರೆ.

ನಮ್ಮ ಮಾತಿನಲ್ಲಿ ಹತಾರಿಗೆ ಹೆಸರು ಬಂದದ್ದೇ ಹೀಗೆ. ‘ಕುಡು’ ಅಂದರೆ ಬಾಗಿದ್ದು, ಅದಕ್ಕೇ ಕುಡುಗೋಲು. ನಾವು ಈಳಿಗೆ ಅನ್ನುವುದನ್ನು ಕರಾವಳಿ ಕಡೆಯವರು ಕಾಲಲ್ಲಿ ಮೆಟ್ಟಿ ಹೆಚ್ಚುತ್ತಾರೆ ಅಂತ ಮೆಟ್ಟುಕತ್ತಿ ಅನ್ನುತ್ತಾರೆ. ಅಡಕೆ ಕತ್ತರಿಸುವುದು ಅಡಕತ್ತರಿ. ಜಪಾನಿನಲ್ಲೂ ಸೊಪ್ಪು ತರಕಾರಿ ಹೆಚ್ಚುವ ಚಾಕುವಿಗೆ ‘ನಕಿರಿ’ ಅನ್ನುತ್ತಾರೆ, ಸೊಪ್ಪು ಕತ್ತರಿಸುವುದು ಅಂತಲೇ ಅದರ ಅರ್ಥ. ಮನುಷ್ಯರ ಹೆಸರೂ ಹಾಗೇ ಬಂದದ್ದುಂಟು, ಅದೂ ನಿಮ್ಮ ಜಿಲ್ಲೆಯ ಕಲ್ಯಾಣದಲ್ಲೇ. ಹಗ್ಗ ಹೊಸೆದವರು ನುಲಿಯ ಚಂದಯ್ಯ. ಕಟ್ಟಿಗೆ ಹೊರೆ ಹೊತ್ತವರು ಮೋಳಿಗೆ ಮಾರಯ್ಯ. ದೋಣಿ ನಡೆಸಿದವರು ಅಂಬಿಗರ ಚೌಡಯ್ಯ. 12ನೇ ಶತಮಾನದಿಂದ ಇವತ್ತಿನವರೆಗೂ ಆ ಹೆಸರುಗಳು ಜನರ ಬಾಯಲ್ಲಿವೆ.

ಗಿಡ್ಡಿ ಅಂದರೆ ಕುಳ್ಳಗಿರುವ ಹೆಣ್ಣುಮಕ್ಕಳನ್ನು ಹಂಗಿಸಿದ ಹಾಗೆ ಆಗಲ್ವಾ ಅಂತ ನಿಮಗೆ ಅನ್ನಿಸಬಹುದು. ನಾನೂ ಅದನ್ನು ಯೋಚಿಸಿದೆ. ಹಂಗಿಸುವವರೂ ಆ ಮಾತು ಆಡುತ್ತಾರೆ, ಮುದ್ದು ಮಾಡುವವರೂ ಆಡುತ್ತಾರೆ. ಡಬ್ಬಿಯ ಮೇಲೆ ಎರಡು ಸಾಲು ಬರೆದುಬಿಡಿ: ‘ನಮ್ಮ ಅವ್ವ ಇದನ್ನು ಗಿಡ್ಡಿ ಅಂತ ಕರೀತಾಳೆ. ಅದೇ ಹೆಸರು ಇಟ್ಟೆವು.’ ಓದಿದವರಿಗೆ ಅದು ಮುದ್ದಿನ ಮಾತು ಅಂತ ತಿಳಿಯುತ್ತದೆ.

ಇನ್ನೊಂದು ತೊಡಕು ಇದೆ. ನಿಮ್ಮ ಸಂತೆಗೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಮಾತಿನವರು ಬರುತ್ತಾರೆ. ಉರ್ದು, ಹಿಂದಿಯಲ್ಲಿ ‘ಗಿದ್ಧ್’ ಅಂದರೆ ರಣಹದ್ದು. ಬಾಯಲ್ಲಿ ಹೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಡ ಯಾವುದು, ದ ಯಾವುದು ಗೊತ್ತಾಗುವುದಿಲ್ಲ. ಅದಕ್ಕೇ ಅಲಗಿನ ಮೇಲೆ ಕನ್ನಡದಲ್ಲೇ ಹೊಡೆಯಿರಿ. ಅಚ್ಚು ಮಾಡಿಸುವಾಗ ಒಂದು ಎಚ್ಚರ ಬೇಕು. ‘ಡ್ಡಿ’ಗೆ ಕೆಳಗೆ ಒತ್ತು ಇದೆ. ಅಕ್ಷರ ತೀರಾ ಸಣ್ಣದಾದರೆ ಒತ್ತಿನ ಹೊಟ್ಟೆ ಮುಚ್ಚಿಹೋಗುತ್ತದೆ. ಪತ್ರಿಕೆಯ ಸಣ್ಣ ಅಕ್ಷರದಲ್ಲಿ ನಾವು ದಿನಾ ಅನುಭವಿಸುವ ಕಷ್ಟ ಇದು. ಒತ್ತಿಗೆ ಜಾಗ ಬಿಟ್ಟು ಕೊರೆಸಿ. ಅಚ್ಚನ್ನು ಹದ ಹಾಕುವ ಮೊದಲೇ ಹೊಡೆಯಬೇಕು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಕೊನೆಗೆ ಕಾಗದದ ಕೆಲಸ. ಟ್ರೇಡ್‌ಮಾರ್ಕಿನಲ್ಲಿ ಚಾಕು ಬರುವುದು 8ನೇ ವರ್ಗದಲ್ಲಿ. ಒಬ್ಬರೇ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಶುಲ್ಕ 4,500 ರೂಪಾಯಿ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ಬೇರೆ ಯಾರಾದರೂ ಈ ಹೆಸರು ಇಟ್ಟಿದ್ದಾರಾ ಅಂತ ಮೊದಲು ಹುಡುಕಿ ನೋಡಿ, ಅದಕ್ಕೆ ದುಡ್ಡಿಲ್ಲ. ಗಿಡ್ಡಿ ಬರೀ ಗಾತ್ರ ಹೇಳುವ ಪದ ಅಂತ ಆಕ್ಷೇಪ ಬರಬಹುದು. ಹಾಗಾಗಿ ನಿಮ್ಮ ಕುಲುಮೆಯ ಒಂದು ಗುರುತಿನ ಚಿತ್ರವನ್ನೂ ಸೇರಿಸಿ ಅರ್ಜಿ ಹಾಕುವುದು ಒಳ್ಳೆಯದು.

ಚಾಕುವಿನ ಆಕಾರಕ್ಕೆ ಬೇರೆ ನೋಂದಣಿ ಇದೆ, ವಿನ್ಯಾಸ ಕಾಯ್ದೆಯಲ್ಲಿ. ಮೊದಲು 10 ವರ್ಷ, ಆಮೇಲೆ 5 ವರ್ಷ. ಆದರೆ ಅರ್ಜಿ ಹಾಕುವ ಮೊದಲೇ ಆ ವಿನ್ಯಾಸ ಎಲ್ಲಾದರೂ ಅಚ್ಚಾಗಿದ್ದರೆ ಅದು ಹೊಸದು ಅನ್ನಿಸಿಕೊಳ್ಳುವುದಿಲ್ಲ. ನಿಮ್ಮ ಫೋಟೋವನ್ನು ಈ ಸಂಚಿಕೆಯಲ್ಲಿ ಹಾಕದೆ ಇದ್ದದ್ದು ಅದಕ್ಕೇ. ಅಲ್ಲಿವರೆಗೆ ನೀವೂ ಫೋನಿನಲ್ಲಿ ಅವರಿವರಿಗೆ ಕಳಿಸಬೇಡಿ, ಸಂತೆಗೂ ಒಯ್ಯಬೇಡಿ.

ಅರ್ಜಿ ಹಾಕಿದ ಮೇಲೆ ಒಂದು ಸಾಲು ಬರೆಯಿರಿ. ಫೋಟೋ ನನ್ನ ಮೇಜಿನ ಡ್ರಾದಲ್ಲಿ ಜೋಪಾನವಾಗಿದೆ, ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ. ಅವ್ವನ ಕೈ ಕಾಣುವ ಹಾಗೆ ಹಾಕಬಹುದಾ ಅಂತ ಅವರನ್ನು ಕೇಳಿ ತಿಳಿಸಿ. ನಮ್ಮ ಮನೆಗೂ ಒಂದು ಗಿಡ್ಡಿ ಬೇಕು, ಬೆಲೆ ಎಷ್ಟು ಅಂತ ಅದರಲ್ಲೇ ಬರೆಯಿರಿ.

— ಸಂಪಾದಕ