ಗಾಡಿಯ ಸರ್ವಿಸ್ ಲೆಕ್ಕ ಬರೆದಿಡುವುದರಿಂದ ಪ್ರಯೋಜನವಿದೆಯೇ?

ಊರಿನ ಮೆಕ್ಯಾನಿಕ್ ಹತ್ತಿರವೇ ಕೆಲಸ ಮಾಡಿಸುವವರು ಕಾರಿನ ಪ್ರತಿ ರಿಪೇರಿಯನ್ನೂ ಬರೆದಿಡಬೇಕೇ ಎಂದು ಕೇಳಿದ್ದೀರಿ. ಬರೆದಿಡಬೇಕು, ಆದರೆ ಎಲ್ಲವನ್ನೂ ಅಲ್ಲ. ಪಂಕ್ಚರ್, ವಾಟರ್ ವಾಶ್‌ಗಳ ಲೆಕ್ಕ ವ್ಯರ್ಥ.

ನಮ್ಮ ಭಾಗದಲ್ಲಿ ಇದಕ್ಕೆ ಮೊದಲ ಕಾರಣ ಧೂಳು. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ದಿನವೂ ಓಡಾಡುವ ಕಾರಿನ ಏರ್ ಫಿಲ್ಟರ್, ಕಂಪನಿಯ ಕೈಪಿಡಿ ಹೇಳುವುದಕ್ಕಿಂತ ಬೇಗ ಕೆಂಪು ಮಣ್ಣು ಹಿಡಿದು ಕಟ್ಟಿಕೊಳ್ಳುತ್ತದೆ. ಹಿಂದಿನ ಸಲ ಎಷ್ಟು ಕಿಲೋಮೀಟರಿಗೆ ಬದಲಿಸಿದ್ದೆವು ಎಂಬುದು ಕಣ್ಣೆದುರಿಗಿದ್ದರೆ ಮಾತ್ರ ನಮ್ಮ ರಸ್ತೆಗೆ ಹೊಂದುವ ಅಂತರ ಗೊತ್ತಾಗುತ್ತದೆ. ಎಂಜಿನ್ ಆಯಿಲ್ ಹೇಗೋ ನೆನಪಿರುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸುವ ಬ್ರೇಕ್ ಆಯಿಲ್, ಅದಕ್ಕಿಂತ ಅಪರೂಪವಾಗಿ ಬದಲಿಸುವ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಪಟ್ಟಿ) ಮಾತ್ರ ಮರೆತೇ ಹೋಗುತ್ತವೆ, ಮತ್ತು ಬೆಲ್ಟ್ ತುಂಡಾದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಖರ್ಚು ಕೈಮೀರುತ್ತದೆ.

ತಾರೀಕು, ಮೀಟರ್ ರೀಡಿಂಗ್, ಹಾಕಿದ ಸಾಮಾನು, ಕೊಟ್ಟ ಹಣ, ಇಷ್ಟನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು. ಬಿಲ್ಲನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಿಡಬೇಡಿ: 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ, ಮುಚ್ಚಿದ ಕಾರಿನೊಳಗೆ ಶಾಯಿಯಿಲ್ಲದೆ ಬಿಸಿಯಿಂದ ಮುದ್ರಿಸುವ ಥರ್ಮಲ್ ಕಾಗದದ ಅಕ್ಷರಗಳು ಉಳಿಯುವುದಿಲ್ಲ. ಅಂದೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಲೆಕ್ಕ ಬರೆದಿಟ್ಟಿದ್ದರೆ ಮಾರುವಾಗ ಬೆಲೆ ಹೆಚ್ಚುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ದಲ್ಲಾಳಿ ಆ ಲೆಕ್ಕದ ಪುಸ್ತಕವನ್ನು ತೆರೆದು ನೋಡುವುದೂ ಅನುಮಾನ. ನೇರವಾಗಿ ಕೊಳ್ಳುವವರಿಗಾದರೆ, ಏರುತ್ತಾ ಬಂದ ರೀಡಿಂಗ್‌ಗಳು ಮೀಟರನ್ನು ಹಿಂದಕ್ಕೆ ತಿರುಗಿಸಿಲ್ಲ ಎಂಬ ನಂಬಿಕೆ ಕೊಡುತ್ತವೆ.